ಎಪ್ಪತ್ತರ ದಶಕದ ಅಮೆರಿಕನ್ ಪ್ರೋಗ್: ಯಾವ ತಂಡ ಮೊದಲು, ಯಾವ ರೂಪದಲ್ಲಿ?

ಪ್ರೋಗ್, ಅಂದರೆ ಪ್ರೊಗ್ರೆಸಿವ್ ರಾಕ್‌ನ ಬ್ರಿಟಿಷ್ ತಂಡಗಳಾದ ಯೆಸ್, ಜೆನೆಸಿಸ್, ಕಿಂಗ್ ಕ್ರಿಮ್ಸನ್, ಜೆಂಟಲ್ ಜಯಂಟ್ ಇಷ್ಟನ್ನೂ ಅರೆದು ಕುಡಿದವರು ಅಮೆರಿಕದ ಕಡೆ ತಿರುಗಿದಾಗ ಸಾಮಾನ್ಯವಾಗಿ ಕ್ಯಾನ್ಸಸ್ ತಂಡದ ತನಕ ಹೋಗಿ ನಿಂತುಬಿಡುತ್ತಾರೆ. ಅದರಾಚೆ ಹುಡುಕಲು ಹೊರಟರೆ ನೂರಾರು ಹೆಸರುಗಳು ಒಟ್ಟಿಗೆ ಮೈಮೇಲೆ ಬೀಳುತ್ತವೆ. ಹ್ಯಾಪಿ ದ ಮ್ಯಾನ್ ಮೊದಲೋ, ಕೆಥೀಡ್ರಲ್ ಮೊದಲೋ? ಯೆಜ್ಡಾ ಉರ್ಫಾ ಎಂಬ ಹೆಸರು ಎಲ್ಲರ ಬಾಯಲ್ಲೂ ಇದೆಯಲ್ಲ, ಅದು ಎಲ್ಲರಿಗೂ ಹಿಡಿಸುತ್ತದೆಯೆ? ಮೂಲ ಎಲ್‌ಪಿಗೆ ಅಷ್ಟು ದುಡ್ಡು ಸುರಿಯಬೇಕೆ, ಸಿಡಿ ಸಾಲದೆ? ನಿಮ್ಮ ಕಿವಿ ಯಾವ ಬಗೆಯದು, ಕಿಸೆ ಎಷ್ಟು ಆಳದ್ದು ಎಂದು ಗೊತ್ತಿದ್ದರೆ ಇವಕ್ಕೆ ಉತ್ತರ ಕಷ್ಟವಲ್ಲ.

ಮೊದಲು ಒಂದು ಭ್ರಮೆ ಕಳಚಿಕೊಳ್ಳಬೇಕು. ಈ ಲೋಕದಲ್ಲಿ ಬೆಲೆಗೂ ಗುಣಕ್ಕೂ ನಂಟು ತೀರ ಸಡಿಲ. ಬೆಲೆ ನಿರ್ಧಾರವಾಗುವುದು ಆಗ ಎಷ್ಟು ಪ್ರತಿ ಅಚ್ಚಾಯಿತು ಎಂಬುದರ ಮೇಲೆ. ದೊಡ್ಡ ಕಂಪನಿ ಅಚ್ಚು ಹಾಕಿ, ಮಾರಾಟವಾಗದೆ ರಿಯಾಯಿತಿಗೆ ತಳ್ಳಿದ ಒಂದು ಅದ್ಭುತ ಆಲ್ಬಂ ಇವತ್ತಿಗೂ ಅಗ್ಗ. ತಂಡದವರೇ ಕೈಯಿಂದ ಹಣ ಹಾಕಿ ಕೆಲವು ನೂರು ಪ್ರತಿ ಮಾಡಿಸಿದ ಸಾಧಾರಣ ಆಲ್ಬಂ ಆಕಾಶದ ಬೆಲೆಗೆ ಹೋಗುತ್ತದೆ. ಆದ್ದರಿಂದ ಇಲ್ಲಿನ ಸಂಗೀತವನ್ನು ಮೂರು ಗುಂಪಾಗಿ ನೋಡುವುದು ಅನುಕೂಲ: ದೊಡ್ಡ ಲೇಬಲ್‌ಗಳು ಹೊರತಂದದ್ದು, ಸ್ವಂತ ಖರ್ಚಿನಲ್ಲಿ ಅಚ್ಚಾದದ್ದು, ಆಗ ಧ್ವನಿಮುದ್ರಣವಾಗಿ ಪೆಟ್ಟಿಗೆಯಲ್ಲೇ ಉಳಿದು ಹತ್ತಾರು ವರ್ಷಗಳ ನಂತರ ಹೊರಬಂದದ್ದು. ಒಂದು ತಂಡ ಯಾವ ಗುಂಪಿನದು ಎಂದು ತಿಳಿದರೆ ಅದರ ಧ್ವನಿಯ ಗುಣಮಟ್ಟ, ಬೆಲೆ, ಸಿಗುವ ದಾರಿ ಮೂರನ್ನೂ ಮುಕ್ಕಾಲು ಪಾಲು ಊಹಿಸಬಹುದು.

ಅಳೆಯುವ ಕೋಲುಗಳು

ಮೊದಲನೆಯದು ಬೇರು. ಈ ತಂಡಗಳಲ್ಲಿ ಬಹುಪಾಲು ಯಾವುದಾದರೊಂದು ಬ್ರಿಟಿಷ್ ತಂಡದ ನೆರಳಿನಲ್ಲಿ ಬೆಳೆದವು. ಅದು ದೋಷವಲ್ಲ, ದಾರಿದೀಪ. ನಿಮಗೆ ಯೆಸ್‌ನ ಹೊಳಪು ಇಷ್ಟವೋ, ಜೆನೆಸಿಸ್‌ನ ಕಥೆ ಹೇಳುವ ಗುಣವೋ, ಜೆಂಟಲ್ ಜಯಂಟ್‌ನ ಗಂಟುಗಂಟಾದ ಹೆಣಿಗೆಯೋ, ಇಂಗ್ಲೆಂಡಿನ ಕ್ಯಾಂಟರ್ಬರಿ ಊರಿನ ಸುತ್ತ ಬೆಳೆದ ತಂಡಗಳ ಜಾಝ್ ನಡಿಗೆಯೋ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ.

ಎರಡನೆಯದು ಗಾಯನ. ಅಮೆರಿಕನ್ ಪ್ರೋಗ್‌ನ ದೊಡ್ಡ ದುರ್ಬಲ ಜಾಗ ಇದೇ. ವಾದ್ಯಗಾರರು ಗಟ್ಟಿಗರಾಗಿದ್ದು ಹಾಡುವವರು ನಡುಗುವ ಆಲ್ಬಂಗಳು ಡಜನ್‌ಗಟ್ಟಲೆ ಇವೆ. ಬಡ ಗಾಯನ ನಿಮ್ಮ ಕಿವಿಗೆ ಮುಳ್ಳಾಗುವುದಾದರೆ ವಾದ್ಯಪ್ರಧಾನ ತಂಡಗಳಿಂದಲೇ ಶುರುಮಾಡಿ.

ಮೂರನೆಯದು ಧ್ವನಿಮುದ್ರಣ. ಸ್ಟುಡಿಯೋದಲ್ಲಿ ಕೆಲವೇ ದಿನ ಬಾಡಿಗೆಗೆ ಪಡೆದು ಮುಗಿಸಿದ ಆಲ್ಬಂನಲ್ಲಿ ಡ್ರಮ್ಸ್ ರಟ್ಟಿನ ಡಬ್ಬದಂತೆ ಕೇಳುತ್ತದೆ, ಬೇಸ್ ಕೆಸರಾಗುತ್ತದೆ. ಹೆಡ್‌ಫೋನ್ ಹಾಕಿ ಕೇಳುವವರಿಗೆ ಇದು ಇನ್ನೂ ಹೆಚ್ಚು ಕಾಡುತ್ತದೆ.

ನಾಲ್ಕನೆಯದು ಸಿಗುವ ದಾರಿ ಮತ್ತು ತಗಲುವ ಖರ್ಚು. ಅದನ್ನು ಕೊನೆಯಲ್ಲಿ ಬೇರೆಯಾಗಿಯೇ ನೋಡಬೇಕು, ಏಕೆಂದರೆ ಭಾರತದಲ್ಲಿ ಕೂತು ಕೊಳ್ಳುವವರಿಗೂ ಅಮೆರಿಕದಲ್ಲಿರುವ ಕನ್ನಡಿಗರಿಗೂ ಲೆಕ್ಕ ಬೇರೆ ಬೇರೆ.

ಹ್ಯಾಪಿ ದ ಮ್ಯಾನ್: ಅನುಮಾನವಿದ್ದರೆ ಇಲ್ಲಿಂದ

ವರ್ಜೀನಿಯಾದ ಹ್ಯಾರಿಸನ್‌ಬರ್ಗ್‌ನ ಕಾಲೇಜು ವಾತಾವರಣದಲ್ಲಿ ಹುಟ್ಟಿ, ವಾಷಿಂಗ್ಟನ್ ಸುತ್ತಮುತ್ತ ನೆಲೆಯೂರಿದ ತಂಡ. ಜೆನೆಸಿಸ್ ಬಿಟ್ಟಿದ್ದ ಪೀಟರ್ ಗೇಬ್ರಿಯಲ್ 1976ರಲ್ಲಿ ತನ್ನ ಜೊತೆಗೆ ನುಡಿಸುವವರನ್ನು ಹುಡುಕುತ್ತಿದ್ದಾಗ ಇವರನ್ನೂ ಕೇಳಿ ಹೋಗಿದ್ದ. ಅರಿಸ್ಟಾ ಲೇಬಲ್‌ಗೆ ಎರಡು ಆಲ್ಬಂ ಮಾಡಿದರು: 1977ರಲ್ಲಿ ತಂಡದ ಹೆಸರಿನದೇ, 1978ರಲ್ಲಿ 'ಕ್ರಾಫ್ಟಿ ಹ್ಯಾಂಡ್ಸ್'. ಎರಡಕ್ಕೂ ನಿರ್ಮಾಪಕ ಕೆನ್ ಸ್ಕಾಟ್, ಸೂಪರ್‌ಟ್ರಾಂಪ್‌ನ 'ಕ್ರೈಮ್ ಆಫ್ ದ ಸೆಂಚುರಿ'ಯನ್ನು ರೂಪಿಸಿದವನು. ಆ ಕೈಗುಣ ಇಲ್ಲಿ ಎದ್ದು ಕಾಣುತ್ತದೆ. ಈ ಬರಹದಲ್ಲಿ ಹೆಸರಿಸುವ ಎಲ್ಲ ಆಲ್ಬಂಗಳಲ್ಲಿ ಅತ್ಯಂತ ಸ್ವಚ್ಛವಾಗಿ ಕೇಳುವುದು ಈ ಎರಡೇ.

ಗಾಯನದ ಸಮಸ್ಯೆ ಇಲ್ಲಿ ಹೆಚ್ಚುಕಡಿಮೆ ಇಲ್ಲ. ಮೊದಲ ಆಲ್ಬಂನಲ್ಲಿ ಹಾಡಿರುವುದು ಎರಡೇ ರಚನೆಗಳಲ್ಲಿ, ಎರಡನೆಯದರಲ್ಲಿ 'ವಿಂಡ್ ಅಪ್ ಡಾಲ್ ಡೇ ವಿಂಡ್' ಒಂದರಲ್ಲಿ ಮಾತ್ರ. ಉಳಿದದ್ದೆಲ್ಲ ಕಿಟ್ ವಾಟ್ಕಿನ್ಸ್‌ನ ಕೀಬೋರ್ಡ್, ಸ್ಟ್ಯಾನ್ಲಿ ವಿಟಕರ್‌ನ ಗಿಟಾರ್, ಫ್ರ್ಯಾಂಕ್ ವಯಟ್‌ನ ಸ್ಯಾಕ್ಸೊಫೋನ್ ನಡುವಿನ ಮಾತುಕತೆ. ವಾಟ್ಕಿನ್ಸ್ ಮಿನಿಮೂಗ್ ಸಿಂಥಸೈಜರ್‌ನಲ್ಲಿ ಸ್ವರವನ್ನು ಬಾಗಿಸುವ ರೀತಿಯನ್ನು ಗಮನಿಸಿ. ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುವುದಿಲ್ಲ, ಜಾರುತ್ತಾನೆ. ಗಮಕ ಕೇಳಿ ಬೆಳೆದ ಕಿವಿಗೆ ಅದು ತಟ್ಟನೆ ಹತ್ತಿರವಾಗುತ್ತದೆ. ಮುಂದೆ ಅವನು ಬ್ರಿಟನ್ನಿನ ಕ್ಯಾಮಲ್ ತಂಡ ಸೇರಿದ.

ಎರಡರಲ್ಲಿ ಯಾವುದು? ಸೌಮ್ಯವಾಗಿ, ಕನಸಿನಂತೆ ತೇಲುವುದು ಬೇಕಾದರೆ ಮೊದಲನೆಯದು. ಅದರ ಆರಂಭದ 'ಸ್ಟಾರ್‌ಬೋರ್ನ್' ಇಡೀ ಆಲ್ಬಂನ ಬಣ್ಣ ಹೇಳಿಬಿಡುತ್ತದೆ. ಚುರುಕು, ಬಿಗಿ, ತಾಳದ ಕಸರತ್ತು ಬೇಕಾದರೆ 'ಕ್ರಾಫ್ಟಿ ಹ್ಯಾಂಡ್ಸ್'. ಮೂರನೆಯ 'ಬೆಟರ್ ಲೇಟ್' ಆಗ ಬರಲಿಲ್ಲ, 1983ರಲ್ಲಿ ಬಂತು. ಅದು ಅಂತಿಮ ರೂಪ ಕಾಣದ ಮುದ್ರಣ, ಅಭಿಮಾನಿಯಾದ ಮೇಲೆ ಕೇಳಬೇಕಾದದ್ದು.

ಸ್ಟಾರ್‌ಕಾಸಲ್ ಮತ್ತು ಫೈರ್‌ಬ್ಯಾಲೆ: ಕಡಿಮೆ ದುಡ್ಡಿಗೆ ದೊಡ್ಡ ಸದ್ದು

ಇಲಿನಾಯ್‌ನ ಶಾಂಪೇನ್ ಊರಿನ ಸ್ಟಾರ್‌ಕಾಸಲ್ 1976ರಿಂದ 1978ರ ನಡುವೆ ಎಪಿಕ್ ಲೇಬಲ್‌ಗೆ ನಾಲ್ಕು ಆಲ್ಬಂ ಮಾಡಿತು. ಗಾಯಕ ಟೆರಿ ಲಟ್ರೆಲ್ ಅದಕ್ಕೂ ಮೊದಲು ಆರ್‌ಇಒ ಸ್ಪೀಡ್‌ವ್ಯಾಗನ್‌ನ ಮೊದಲ ಆಲ್ಬಂನಲ್ಲಿ ಹಾಡಿದ್ದವನು. ಇವರ ಬಗ್ಗೆ ಇರುವ ಒಂದೇ ದೂರು ಯೆಸ್‌ನ ಪಡಿಯಚ್ಚು ಎಂಬುದು. ದೂರು ನಿಜ. ಆದರೆ ಯೆಸ್ ಎಷ್ಟು ಕೇಳಿದರೂ ಸಾಲದು ಎನ್ನುವವರಿಗೆ ಅದೇ ಕಾರಣ ಸಾಕು. ಮೊದಲ ಆಲ್ಬಂನ ಹತ್ತು ನಿಮಿಷದ 'ಲೇಡಿ ಆಫ್ ದ ಲೇಕ್' ಕೇಳಿ. ಅದು ಹಿಡಿಸಿದರೆ ಕ್ವೀನ್ ತಂಡದ ನಿರ್ಮಾಪಕ ರಾಯ್ ಥಾಮಸ್ ಬೇಕರ್ ರೂಪಿಸಿದ 'ಫೌಂಟನ್ಸ್ ಆಫ್ ಲೈಟ್' ಕಡೆ ಹೋಗಿ. ನಾಲ್ಕನೆಯ 'ರಿಯಲ್ ಟು ರೀಲ್' ಸರಳ ರೇಡಿಯೋ ರಾಕ್‌ನತ್ತ ವಾಲಿದ್ದು, ಅದನ್ನು ಬಿಟ್ಟರೂ ನಷ್ಟವಿಲ್ಲ.

ನ್ಯೂಜೆರ್ಸಿಯ ಫೈರ್‌ಬ್ಯಾಲೆಯದು ಬೇರೆ ಬಗೆ. 1975ರ 'ನೈಟ್ ಆನ್ ಬಾಲ್ಡ್ ಮೌಂಟನ್' ಪಾಸ್‌ಪೋರ್ಟ್ ಲೇಬಲ್‌ನಿಂದ ಬಂತು, ನಿರ್ಮಾಪಕ ಕಿಂಗ್ ಕ್ರಿಮ್ಸನ್‌ನ ಮೊದಲ ಸಾಲಿನ ಇಯಾನ್ ಮೆಕ್‌ಡೊನಾಲ್ಡ್. ಒಂದು ಬದಿಯನ್ನು ಪೂರ್ತಿ ತುಂಬಿಕೊಂಡ ಶೀರ್ಷಿಕೆ ರಚನೆ ರಷ್ಯನ್ ಸಂಯೋಜಕ ಮುಸೋರ್ಗ್‌ಸ್ಕಿಯ ಸ್ವರಚಿತ್ರವನ್ನು ಆಧರಿಸಿದ್ದು. ಸಾಹಿತ್ಯ, ಗಾಯನ ಎರಡರಲ್ಲೂ ಅತಿರೇಕವಿದೆ. ನಾಟಕೀಯತೆ ಇಷ್ಟವಿದ್ದವರಿಗೆ ಹಬ್ಬ, ಸಂಯಮ ಬೇಕಾದವರಿಗೆ ತಲೆನೋವು.

ಕೆಥೀಡ್ರಲ್ ಮತ್ತು ಬ್ಯಾಬಿಲಾನ್: ಸ್ವಂತ ಖರ್ಚಿನವರಲ್ಲಿ ಶ್ರೇಷ್ಠರು

ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನ ಕೆಥೀಡ್ರಲ್ 1978ರಲ್ಲಿ 'ಸ್ಟೇನ್ಡ್ ಗ್ಲಾಸ್ ಸ್ಟೋರೀಸ್' ತಂದಿತು. ಐದು ರಚನೆಗಳು, ಎಲ್ಲದರ ಅಡಿಯಲ್ಲೂ ಮೆಲೊಟ್ರಾನ್. ಆ ವಾದ್ಯದಲ್ಲಿ ಪ್ರತಿ ಕೀಲಿಗೂ ಒಂದು ತುಂಡು ಟೇಪ್ ಇರುತ್ತದೆ, ಒತ್ತಿ ಹಿಡಿದರೆ ಸುಮಾರು ಎಂಟು ಸೆಕೆಂಡ್ ಮಾತ್ರ ನುಡಿದು ನಿಲ್ಲುತ್ತದೆ. ಹಾಗಾಗಿ ನುಡಿಸುವವನು ಸ್ವರಸಮೂಹವನ್ನು ಉಸಿರಾಡಿದಂತೆ ಬಿಟ್ಟು ಬಿಟ್ಟು ಹಿಡಿಯಬೇಕಾಗುತ್ತದೆ. ಟಾಮ್ ಡಾನ್‌ಕೋರ್ಟ್‌ನ ಕೈಯಲ್ಲಿ ಆ ಮಿತಿಯೇ ಸೊಗಸಾಗಿದೆ. ಸುಮಾರು ಹದಿಮೂರು ನಿಮಿಷದ 'ಇಂಟ್ರೊಸ್ಪೆಕ್ಟ್'ನಲ್ಲಿ ಗಾಯಕವೃಂದದಂಥ ಅಲೆ ಏಳುವಾಗ ಗಮನವಿಡಿ. ಬೇಸ್ ಮುಂದೆ ಬಂದು ಗುಡುಗುತ್ತದೆ, ಗಿಟಾರ್ ತೆಳ್ಳಗೆ. ಮುದ್ರಣ ದೊಡ್ಡ ಸ್ಟುಡಿಯೋದ್ದಲ್ಲ ಎಂದು ತಿಳಿಯುತ್ತದೆ, ಆದರೆ ಆ ಒರಟುತನ ಸಂಗೀತದ ಕತ್ತಲೆಗೆ ಒಪ್ಪುತ್ತದೆ. ಸ್ವಂತ ಖರ್ಚಿನ ಆಲ್ಬಂಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ಇದನ್ನೇ.

ಫ್ಲಾರಿಡಾದ ಬ್ಯಾಬಿಲಾನ್‌ನ 1978ರ ಏಕೈಕ ಸ್ಟುಡಿಯೋ ಆಲ್ಬಂ ಗೇಬ್ರಿಯಲ್ ಕಾಲದ ಜೆನೆಸಿಸ್‌ಗೆ ತೀರ ಹತ್ತಿರ. ನಾಲ್ಕೇ ರಚನೆ, ವೇಷ ಹಾಕಿ ಅಭಿನಯಿಸುವಂಥ ಗಾಯನ. ಕೆಥೀಡ್ರಲ್‌ನಷ್ಟು ಸ್ವಂತಿಕೆ ಇದಕ್ಕಿಲ್ಲ. ಆದರೆ ಜೆನೆಸಿಸ್‌ನ 'ಫಾಕ್ಸ್‌ಟ್ರಾಟ್' ನೆಚ್ಚಿನ ಆಲ್ಬಂ ಆಗಿದ್ದವರು ಇದನ್ನು ಮೊದಲು ಕೇಳುವುದೇ ಸರಿ.

ಯೆಜ್ಡಾ ಉರ್ಫಾ: ಗಂಟು ಬಿಡಿಸುವ ತಾಳ್ಮೆ ಇದ್ದರೆ

ಇಂಡಿಯಾನಾದ ಈ ಐವರದು ವಿಚಿತ್ರ ಇತಿಹಾಸ. 1975ರಲ್ಲಿ ಕಂಪನಿಗಳಿಗೆ ತೋರಿಸಲೆಂದು 'ಬೋರಿಸ್' ಎಂಬ ಮಾದರಿ ಎಲ್‌ಪಿ ಮಾಡಿಸಿದರು. 1976ರಲ್ಲಿ 'ಸೇಕ್ರೆಡ್ ಬಬೂನ್' ಧ್ವನಿಮುದ್ರಿಸಿದರು, ಯಾವ ಕಂಪನಿಯೂ ಕೊಳ್ಳಲಿಲ್ಲ. ಅದು ಹೊರಬಂದದ್ದು 1989ರಲ್ಲಿ, ಸಿನ್-ಫೋನಿಕ್ ಲೇಬಲ್ ಹಳೆಯ ಟೇಪ್‌ಗಳನ್ನು ಹುಡುಕಿ ತೆಗೆದಾಗ. 2004ರಲ್ಲಿ ಪೆನ್ಸಿಲ್ವೇನಿಯಾದ ನಿಯರ್‌ಫೆಸ್ಟ್ ಉತ್ಸವದ ವೇದಿಕೆಯಲ್ಲಿ ಅವರೇ ಬಂದು ನುಡಿಸಿದರು.

ಬೇರು ಜೆಂಟಲ್ ಜಯಂಟ್ ಮತ್ತು ಯೆಸ್, ವೇಗ ಅವೆರಡಕ್ಕಿಂತ ಹೆಚ್ಚು. ಮ್ಯಾಂಡೊಲಿನ್, ಕೊಳಲು, ಒಂದರ ಮೇಲೊಂದು ಹತ್ತುವ ಕಂಠಗಳು. ನಮ್ಮ ಕೇಳುಗರು ಇಲ್ಲಿ ಎಡವುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಕರ್ನಾಟಕ ಸಂಗೀತದ ಖಂಡ ಚಾಪು, ಮಿಶ್ರ ಚಾಪು ತಾಳಗಳು ಗೊತ್ತಿದ್ದವರಿಗೆ ಐದು, ಏಳರ ಎಣಿಕೆ ಹೊಸದಲ್ಲ. ಆದರೆ ಅಲ್ಲಿ ಒಮ್ಮೆ ಹಿಡಿದ ಆವರ್ತ ಸಾಮಾನ್ಯವಾಗಿ ಕೃತಿಯ ಕೊನೆತನಕ ಬದಲಾಗುವುದಿಲ್ಲ. ಇಲ್ಲಿ ನಾಲ್ಕಾರು ಸುತ್ತಿಗೊಮ್ಮೆ ಎಣಿಕೆಯೇ ಬದಲಾಗುತ್ತದೆ. ಕೈಯಲ್ಲಿ ತಾಳ ಹಾಕುತ್ತ ಕೂತರೆ ಮೊದಲ ನಿಮಿಷದಲ್ಲೇ ತಪ್ಪುತ್ತದೆ. ಎಣಿಕೆ ಬಿಟ್ಟು ಬೇಸ್‌ನ ಸ್ವರಪುಂಜವನ್ನು ಹಿಡಿಯಿರಿ, ಅದು ಎಲ್ಲಿ ಮರಳಿ ಬರುತ್ತದೆಯೋ ಅಲ್ಲಿಂದ ಹೊಸ ಸುತ್ತು. ಮೂರು ಬಾರಿ ಕೇಳುವ ಮೊದಲು ತೀರ್ಪು ಕೊಡಬೇಡಿ. ಆರಂಭಿಕರಿಗೆ ಇದನ್ನು ಮೊದಲ ಆಯ್ಕೆಯಾಗಿ ಶಿಫಾರಸು ಮಾಡುವುದು ತಪ್ಪು. ಎಷ್ಟೋ ಜನ ಇದರಿಂದ ಶುರುಮಾಡಿ ಇಡೀ ಅಮೆರಿಕನ್ ಪ್ರೋಗ್ ಗದ್ದಲ ಎಂದು ಬಾಗಿಲು ಮುಚ್ಚಿಬಿಡುತ್ತಾರೆ.

ಇದೇ ಜಾಡಿನಲ್ಲಿ ಸ್ವಲ್ಪ ಮೆದುವಾದದ್ದು ಬೇಕಾದರೆ ನ್ಯೂಜೆರ್ಸಿಯ ಮರ್ತ್‌ರ್ಯಾಂಡಿರ್‌ನ 1976ರ 'ಫಾರ್ ಯೂ ದ ಓಲ್ಡ್ ವಿಮೆನ್', ಸ್ವಲ್ಪ ಗಡಸು ಬೇಕಾದರೆ ಶಿಕಾಗೋದ ಪೆಂಟ್‌ವಾಟರ್.

ದ ಮಫಿನ್ಸ್: ಜಾಝ್ ಕಿವಿಯವರಿಗೆ

ವಾಷಿಂಗ್ಟನ್ ಪ್ರದೇಶದ ಈ ತಂಡದ 1978ರ 'ಮನ್ನಾ/ಮಿರಾಜ್' ಸಾಫ್ಟ್ ಮಷೀನ್, ಹೆನ್ರಿ ಕೌ ಎಂಬ ಬ್ರಿಟಿಷ್ ತಂಡಗಳನ್ನು ಇಷ್ಟಪಡುವವರಿಗೆ ನೇರ ಉತ್ತರ. ಗಾಳಿವಾದ್ಯಗಳು, ಎಲೆಕ್ಟ್ರಿಕ್ ಪಿಯಾನೊ, ಎರಡನೆಯ ಬದಿಯನ್ನು ಪೂರ್ತಿ ತುಂಬುವ ಇಪ್ಪತ್ತೆರಡು ನಿಮಿಷಕ್ಕೂ ಮಿಕ್ಕಿದ ರಚನೆ. ಗಿಟಾರ್ ಸೋಲೊ ನಿರೀಕ್ಷಿಸುವವರಿಗೆ ಇದಲ್ಲ. ಅವರ ಲೇಬಲ್ ರ್ಯಾಂಡಮ್ ರೇಡಾರ್ ಸಂಗೀತಗಾರರೇ ಕೂಡಿ ನಡೆಸಿದ್ದು, ಅದರ ಬೇರಿನಿಂದಲೇ 1984ರಲ್ಲಿ ಮೇರಿಲ್ಯಾಂಡ್‌ನ ಕ್ಯೂನಿಫಾರ್ಮ್ ಲೇಬಲ್ ಹುಟ್ಟಿತು. ಇಲ್ಲಿ ಒಂದು ಲಾಭವಿದೆ: ಲೇಬಲ್‌ಗೆ ಟೇಪ್‌ಗಳ ಮೇಲೆ ಹಿಡಿತವಿದ್ದರೆ ಮರುಮುದ್ರಣ ಚೆನ್ನಾಗಿರುತ್ತದೆ, ಹಣವೂ ನುಡಿಸಿದವರ ಹತ್ತಿರಕ್ಕೆ ಹೋಗುತ್ತದೆ.

ಹುಡುಕುವಾಗ ಹೆಸರಿನ ಗೊಂದಲ

ಸ್ಟ್ರೀಮಿಂಗ್‌ನಲ್ಲಿ ತಂಡದ ಹೆಸರು ಹಾಕಿ ಹುಡುಕಬೇಡಿ, ಆಲ್ಬಂ ಹೆಸರು ಹಾಕಿ. ಕೆಥೀಡ್ರಲ್ ಎಂದರೆ ಬ್ರಿಟನ್ನಿನ ಡೂಮ್ ಮೆಟಲ್ ತಂಡ ಮೊದಲು ಬರುತ್ತದೆ. ಹ್ಯಾಪಿ ದ ಮ್ಯಾನ್ ಎಂಬುದು ಜೆನೆಸಿಸ್‌ನ 1972ರ ಒಂದು ಹಾಡಿನ ಹೆಸರೂ ಹೌದು. ಕ್ವಿಲ್ ಹೆಸರಿನ ಬಾಸ್ಟನ್ ತಂಡ 1969ರಲ್ಲಿ ವುಡ್‌ಸ್ಟಾಕ್‌ನಲ್ಲಿ ನುಡಿಸಿತ್ತು; 'ಸುರ್ಸುಮ್ ಕೋರ್ಡಾ' ಮಾಡಿದ ಕೀಬೋರ್ಡ್ ಪ್ರಧಾನ ಮೂವರ ಕ್ವಿಲ್ ಬೇರೆಯೇ. ಬ್ಯಾಬಿಲಾನ್ ಅಂತೂ ಹತ್ತಾರು ಇವೆ. ಸ್ಟ್ರೀಮಿಂಗ್ ಸೇವೆಗಳು ಒಂದೇ ಹೆಸರಿನ ಬೇರೆ ಬೇರೆ ತಂಡಗಳನ್ನು ಒಂದೇ ಪುಟಕ್ಕೆ ಸುರಿಯುವುದೂ ಉಂಟು, ಆದ್ದರಿಂದ ವರ್ಷ ನೋಡಿ ಖಚಿತಪಡಿಸಿಕೊಳ್ಳಿ.

ಇನ್ನೊಂದು ಬಲೆ ತೆರಿಗೆ ಲೆಕ್ಕದ ಲೇಬಲ್‌ಗಳು. 1976–77ರ ಸುಮಾರಿಗೆ ಕೆಲವು ಲೇಬಲ್‌ಗಳು ನಷ್ಟ ತೋರಿಸಿ ತೆರಿಗೆ ಉಳಿಸಲೆಂದೇ ಹಳೆಯ ಟೇಪ್‌ಗಳನ್ನು ಅಚ್ಚು ಹಾಕಿದವು, ಎಷ್ಟೋ ಸಲ ನುಡಿಸಿದವರಿಗೆ ತಿಳಿಸದೆ. ಕನೆಕ್ಟಿಕಟ್‌ನ ಜಾಸ್ಪರ್ ರಾಥ್ ತಂಡದ ಸಂಗೀತ 1977ರಲ್ಲಿ 'ಜೋಲ್ಡಾರ್ ಅಂಡ್ ಕ್ಲಾರ್ಕ್', 'ಆರ್ಡನ್ ಹೌಸ್' ಎಂಬ ಕಲ್ಪಿತ ಹೆಸರುಗಳಲ್ಲಿ ಬಂದದ್ದು ಹೀಗೆಯೇ. ಇಂಥವು ಹರಾಜಿನಲ್ಲಿ ದುಬಾರಿ. ಕೊಳ್ಳುವ ಮೊದಲು ಒಳಗಿರುವುದು ಯಾರ ಸಂಗೀತ ಎಂದು ನೋಡಿ. ಅದೇ ಸಂಗೀತ ಬೇರೆ ಹೆಸರಿನಲ್ಲಿ ಸಿಡಿಯಾಗಿ ಸಿಗಬಹುದು.

ಡಿಜಿಟಲ್, ಸಿಡಿ, ಎಲ್‌ಪಿ

ಖರ್ಚಿಲ್ಲದೆ ಕೇಳಿ ಆಯ್ದುಕೊಳ್ಳಲು ಸ್ಟ್ರೀಮಿಂಗ್ ಸಾಕು. ಆದರೆ ಯಾರೋ ಎಲ್‌ಪಿಯಿಂದ ಎತ್ತಿ ಏರಿಸಿದ ಫೈಲ್ ಕೇಳಿ ಮುದ್ರಣವೇ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. ಮಫಿನ್ಸ್‌ನಂಥವನ್ನು ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕ್ಯೂನಿಫಾರ್ಮ್‌ನಿಂದಲೇ ಕೊಂಡರೆ ಸಾಗಣೆ ಖರ್ಚೂ ಇಲ್ಲ, ಫೈಲ್ ಸಂಕೋಚನವಿಲ್ಲದ ರೂಪದಲ್ಲಿ ಸಿಗುತ್ತದೆ.

ಭಾರತದಲ್ಲಿರುವ ಬಹುತೇಕರಿಗೆ ಸಿಡಿಯೇ ಸರಿಯಾದ ಆಯ್ಕೆ. ಹಗುರ, ಬಿಸಿಲಿಗೆ ಬೇಗ ಬಾಗುವುದಿಲ್ಲ, ಹೆಚ್ಚುವರಿ ರಚನೆಗಳೂ ಇರುತ್ತವೆ. ಆದರೆ ಸಿಡಿ ಮಾಸ್ಟರ್ ಟೇಪ್‌ನಿಂದ ಮಾಡಿದ್ದೋ, ಎಲ್‌ಪಿಯಿಂದ ಎತ್ತಿದ್ದೋ ಎಂಬುದನ್ನು ಪರೀಕ್ಷಿಸಬೇಕು. ಪರೀಕ್ಷೆ ಸುಲಭ. ಮೂಲ ಎಲ್‌ಪಿಯ ಮೊದಲ ಬದಿ ಮುಗಿಯುವ ರಚನೆಯ ಕೊನೆಯ ಒಂದೆರಡು ನಿಮಿಷ ಕೇಳಿ. ತಟ್ಟೆಯ ಒಳಸುತ್ತುಗಳಲ್ಲಿ ತೋಡು ಇಕ್ಕಟ್ಟಾಗುವುದರಿಂದ 'ಸ', 'ಶ' ಉಚ್ಚಾರಗಳು, ಸಿಂಬಲ್ ಸದ್ದು ಹರಿದಂತೆ ಕೇಳುತ್ತವೆ. ಮುಂದಿನ ರಚನೆ ಶುರುವಾಗುತ್ತಲೇ ಅದು ಮಾಯವಾದರೆ ಆ ಸಿಡಿ ಎಲ್‌ಪಿಯಿಂದ ಬಂದದ್ದು. ರಚನೆಗಳ ನಡುವಿನ ಮೌನದಲ್ಲಿ ಸಣ್ಣ ಚಟಪಟ, ಕೊನೆಯಲ್ಲಿ ಸದ್ದು ಕರಗುವ ಮೊದಲೇ ಕತ್ತರಿಸಿದಂತಿರುವುದು ಇನ್ನೆರಡು ಗುರುತು. ಕವರ್ ಮೇಲೆ ಯಾರು ಮರುಸಂಸ್ಕರಿಸಿದರು, ಯಾರಿಂದ ಹಕ್ಕು ಪಡೆದರು ಎಂಬ ಒಂದು ಸಾಲೂ ಇಲ್ಲದಿದ್ದರೆ ಅದು ಕಳ್ಳ ಮುದ್ರಣವಾಗಿರುವ ಸಾಧ್ಯತೆ ಹೆಚ್ಚು, ಬಿಟ್ಟುಬಿಡಿ.

ಮೂಲ ಎಲ್‌ಪಿಯೇ ಬೇಕೆನ್ನುವವರು ದೊಡ್ಡ ಲೇಬಲ್‌ಗಳ ತಂಡಗಳಿಗೆ ಅಂಟಿಕೊಳ್ಳಿ. ಸ್ಟಾರ್‌ಕಾಸಲ್, ಹ್ಯಾಪಿ ದ ಮ್ಯಾನ್, ಫೈರ್‌ಬ್ಯಾಲೆ ಅಮೆರಿಕದ ಅಂಗಡಿಗಳಲ್ಲಿ ಈಗಲೂ ಎಟುಕುವ ಬೆಲೆಗೆ ಸಿಗುತ್ತವೆ. ಜಾಕೆಟ್‌ನ ಮೂಲೆ ಕತ್ತರಿಸಿದ್ದರೆ, ಅಂಚಿನಲ್ಲಿ ಗರಗಸದ ಗೆರೆ ಅಥವಾ ತೂತು ಇದ್ದರೆ ಹೆದರಬೇಡಿ. ಅದು ಕಂಪನಿ ರಿಯಾಯಿತಿಗೆ ಬಿಟ್ಟ ಪ್ರತಿಯ ಗುರುತು. ಅಂಥ ಜಾಕೆಟ್‌ಗೆ ಬೆಲೆ ಕಡಿಮೆ, ಒಳಗಿನ ತಟ್ಟೆ ಎಷ್ಟೋ ಸಲ ಒಮ್ಮೆಯೂ ನುಡಿಸದಂತಿರುತ್ತದೆ. ಕೇಳುವುದಕ್ಕೆಂದು ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ.

ಹಳೆಯ ತಟ್ಟೆಗಳ ಸ್ಥಿತಿಗೆ ಮಾರುವವರು ಕೊಡುವ ದರ್ಜೆಯಲ್ಲಿ ವಿಜಿ (ವೆರಿ ಗುಡ್) ಪ್ಲಸ್‌ಗಿಂತ ಕೆಳಗೆ ಇಳಿಯಬೇಡಿ. ಹಾರ್ಡ್ ರಾಕ್‌ನಲ್ಲಿ ಬರೀ ವಿಜಿ ನಡೆದೀತು, ಸದ್ದು ಗೀರನ್ನು ಮುಚ್ಚುತ್ತದೆ. ಪ್ರೋಗ್‌ನಲ್ಲಿ ಕೊಳಲು, ಅಕೂಸ್ಟಿಕ್ ಗಿಟಾರ್‌ನ ಮೆಲುದನಿಯ ಭಾಗಗಳಲ್ಲಿ ಪ್ರತಿ ಗೀರೂ ಕೇಳುತ್ತದೆ. ಒಂದು ಬದಿ ಇಪ್ಪತ್ತೆರಡು ನಿಮಿಷ ದಾಟಿದರೆ ತೋಡುಗಳನ್ನು ಒತ್ತೊತ್ತಾಗಿ, ಕಡಿಮೆ ಸದ್ದಿನಲ್ಲಿ ಕೊರೆಯಬೇಕಾಗುತ್ತದೆ, ಆಗ ಗೀರಿನ ಸದ್ದು ಇನ್ನೂ ಎದ್ದು ಬರುತ್ತದೆ. ಮಫಿನ್ಸ್‌ನ ಎರಡನೆಯ ಬದಿ ಹಾಗೆಯೇ. ಮುದ್ರಣ ಯಾವುದೆಂದು ತಿಳಿಯಲು ಲೇಬಲ್ ಸುತ್ತಲಿನ ಖಾಲಿ ವರ್ತುಲದಲ್ಲಿ ಗೀಚಿದ ಸಂಖ್ಯೆಯ ಫೋಟೋ ಕೇಳಿ, ರೆಕಾರ್ಡ್‌ಗಳ ವಿವರ ಕೂಡಿಡುವ ಡಿಸ್ಕಾಗ್ಸ್ ಜಾಲತಾಣದಲ್ಲಿ ದಾಖಲಾದದ್ದಕ್ಕೆ ಹೋಲಿಸಿ.

ಸಾಗಣೆಯ ಲೆಕ್ಕ ಹೀಗೆ. ಅಮೆರಿಕದೊಳಗೆ ರೆಕಾರ್ಡ್‌ಗಳಿಗೆ ಮೀಡಿಯಾ ಮೇಲ್ ಎಂಬ ಅಗ್ಗದ ಅಂಚೆ ಇದೆ, ದೇಶದಾಚೆಗೆ ಅದು ಅನ್ವಯಿಸುವುದಿಲ್ಲ. ಬೆಂಗಳೂರಿಗೆ ಒಂದೇ ಎಲ್‌ಪಿ ತರಿಸಿದರೆ ಸಾಗಣೆಯೇ ತಟ್ಟೆಯ ಬೆಲೆಯನ್ನು ಮೀರುವುದು ಮಾಮೂಲು, ಮೇಲೆ ಸುಂಕ. ಹಾಗಾಗಿ ಇಲ್ಲಿರುವವರು ತಿಂಗಳಿಗೊಂದು ಎಲ್‌ಪಿ ತರಿಸುವ ಬದಲು ಸಿಡಿ ಕೊಳ್ಳುವುದು ಜಾಣತನ. ಅದೇ ದುಡ್ಡಿನಲ್ಲಿ 'ಕ್ರಾಫ್ಟಿ ಹ್ಯಾಂಡ್ಸ್' ಜೊತೆಗೆ 'ಸ್ಟೇನ್ಡ್ ಗ್ಲಾಸ್ ಸ್ಟೋರೀಸ್' ಕೂಡ ಬಂದೀತು. ಈ ಎರಡರಲ್ಲಿ ಯಾವುದು ಹೆಚ್ಚು ಸಲ ಕೇಳಬೇಕೆನಿಸುತ್ತದೆಯೋ ಅದರ ಜಾಡು ಹಿಡಿದು ಮುಂದಿನದನ್ನು ಆಯ್ದುಕೊಳ್ಳಿ: ಮೊದಲನೆಯದಾದರೆ ಮಫಿನ್ಸ್, ಎರಡನೆಯದಾದರೆ ಬ್ಯಾಬಿಲಾನ್, ಎರಡೂ ಸಾಲದೆನಿಸಿದರೆ ಯೆಜ್ಡಾ ಉರ್ಫಾ.

ನ್ಯೂಜೆರ್ಸಿಯಲ್ಲೋ ಮೇರಿಲ್ಯಾಂಡ್‌ನಲ್ಲೋ ನೆಂಟರಿದ್ದರೆ ಮಾತೇ ಬೇರೆ. ಅವರ ವಿಳಾಸಕ್ಕೆ ಐದಾರು ಎಲ್‌ಪಿ ತರಿಸಿ, ಊರಿಗೆ ಬರುವಾಗ ತರಲು ಹೇಳಬಹುದು. ಮಾರುವವರಿಗೆ ಎರಡು ಮಾತು ಬರೆಯಿರಿ: ತಟ್ಟೆಯನ್ನು ಜಾಕೆಟ್‌ನಿಂದ ಹೊರತೆಗೆದು ಪಕ್ಕದಲ್ಲಿಟ್ಟು ಕಳಿಸಿ, ಎರಡೂ ಕಡೆ ಗಟ್ಟಿ ರಟ್ಟು ಹಾಕಿ. ಒಳಗೇ ಇದ್ದರೆ ಕುಲುಕಾಟದಲ್ಲಿ ತಟ್ಟೆಯ ಅಂಚು ಜಾಕೆಟ್‌ನ ಹೊಲಿಗೆಯನ್ನು ಸೀಳಿಬಿಡುತ್ತದೆ. ತರುವವರಿಗೆ ಕೈಚೀಲದಲ್ಲಿ ಒಯ್ಯಲು ಹೇಳಿ. ಹನ್ನೆರಡು ಇಂಚಿನ ಜಾಕೆಟ್ ಸಾಮಾನ್ಯ ಕ್ಯಾಬಿನ್ ಬ್ಯಾಗಿನಲ್ಲಿ ಹಿಡಿಯುತ್ತದೆ. ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಡದಿರಲಿ, ಅರ್ಧ ಗಂಟೆಯಲ್ಲಿ ತಟ್ಟೆ ಬಾಗಿಹೋದೀತು. ಮನೆಯಲ್ಲಿ ನಿಲ್ಲಿಸಿ ಇಡಿ, ಒಂದರ ಮೇಲೊಂದು ಮಲಗಿಸಿ ಪೇರಿಸಬೇಡಿ.